ವಂದನಾರ್ಪಣೆಯಲ್ಲಿ ಬಿಟ್ಟುಹೋದ ಹೆಸರು

ಸಭೆಯಲ್ಲಿ ವಂದನಾರ್ಪಣೆ ಮಾಡುವವರಷ್ಟು ಪಾಪದ ಪ್ರಾಣಿ ಇನ್ನೊಂದಿಲ್ಲ. ಅವರು ಮೈಕಿನ ಮುಂದೆ ಬರುವ ಹೊತ್ತಿಗೆ ಮುಂದಿನ ಸಾಲಿನವರು ಎದ್ದು ಕಾರಿನ ಕೀ ಹುಡುಕುತ್ತಿರುತ್ತಾರೆ, ಹಿಂದಿನ ಸಾಲಿನವರು ಆಗಲೇ ಊಟದ ತಟ್ಟೆ ಹಿಡಿದಿರುತ್ತಾರೆ. ಯಾರೂ ಕೇಳುವುದಿಲ್ಲ. ಆದರೆ ಅಪ್ಪಿತಪ್ಪಿ ಒಂದು ಹೆಸರು ಬಿಟ್ಟುಹೋಗಲಿ, ಆ ಹೆಸರಿನವರೊಬ್ಬರು ಮಾತ್ರ ಕೊನೆಯವರೆಗೂ ಕಿವಿಗೊಟ್ಟು ಕೂತಿದ್ದರು ಎಂದು ಮರುದಿನ ಗೊತ್ತಾಗುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ. ಪುಸ್ತಕ ಮುಚ್ಚಿಟ್ಟು ಸಂಪಾದಿಸಿದ ಜ್ಞಾನ.

ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಎರಡನೇ ಪಿಯುಸಿ ಓದುತ್ತಿದ್ದ ವರ್ಷ ನಾನು ಕಾಲೇಜಿನ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯಾದೆ. ವಿಜ್ಞಾನದ ಹುಡುಗ ಹುಡುಗಿಯರು ಯಾರೂ ಆ ಕೆಲಸಕ್ಕೆ ಮುಂದೆ ಬಂದಿರಲಿಲ್ಲ. ಎಲ್ಲರಿಗೂ ನೀಟ್ ಪರೀಕ್ಷೆಯ ಚಿಂತೆ. ನನಗೂ ಇತ್ತು, ನಾನೂ ಡಾಕ್ಟರಾಗಬೇಕೆಂದೇ ನುಗ್ಗೇಹಳ್ಳಿಯಿಂದ ಬಂದವಳು. ಆದರೆ ಪ್ರಾಂಶುಪಾಲರು "ಯಾರಾದರೂ ಜವಾಬ್ದಾರಿ ಇರೋರು ಬೇಕಲ್ಲ" ಎಂದಾಗ ಕೈ ತಾನಾಗಿಯೇ ಮೇಲೆದ್ದಿತು. ಜವಾಬ್ದಾರಿ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಹಾಗೆಯೇ, ತಡೆದುಕೊಳ್ಳಲಾಗದು. ವಾರಕ್ಕೊಮ್ಮೆ ಅವ್ವ ಫೋನ್ ಮಾಡಿದಾಗಲೆಲ್ಲ ನಾನು ಶಾಮಿಯಾನ, ಸ್ಪೀಕರು, ಸ್ವಾಗತಗೀತೆ ಎಂದು ಹೇಳುವುದನ್ನು ಕೇಳಿ ಕೇಳಿ ಅವಳು ಒಂದು ದಿನ ಸಮಾಧಾನವಾಗಿಯೇ ಕೇಳಿದಳು: "ನೀನು ಡಾಕ್ಟ್ರಾಯ್ತೀಯೋ, ಮೈಕ್‌ಸೆಟ್ ಇಟ್ಕತೀಯೋ, ಒಂದ್ ಏಳ್ಬುಡವ್ವ."

ಕಾಲೇಜು ವಾರ್ಷಿಕೋತ್ಸವಕ್ಕೆ ಇಬ್ಬರು ಮುಖ್ಯ ಅತಿಥಿಗಳು. ಒಬ್ಬರು ಹೊಳೆನರಸೀಪುರದವರು, ಇನ್ನೊಬ್ಬರು ಅರಕಲಗೂಡಿನವರು. ಆಹ್ವಾನಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದ್ದು ಕೆಳಗೆ ಎಂಬ ಸಮಸ್ಯೆ ಬಂತು. ಎರಡನ್ನೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಹಾಕಿಸಿ ಬಹಳ ಜಾಣತನ ಮಾಡಿದೆನೆಂದುಕೊಂಡೆ. ಆಗ ಎಡಗಡೆ ಯಾರು ಎಂಬ ಪ್ರಶ್ನೆ ಎದ್ದಿತು, ಕೊನೆಗೆ ಅರಕಲಗೂಡಿನವರು ಬಲಗಡೆಗೆ ಹೋದರು. ಪತ್ರಿಕೆ ಕೊಡಲು ಎರಡೂ ಊರಿಗೆ ಬಸ್ಸಿನಲ್ಲಿ ಖುದ್ದಾಗಿ ಹೋಗಿಬಂದೆ. ಅರಕಲಗೂಡಿನವರು ಕಾಫಿ ಕೊಟ್ಟು, ಪತ್ರಿಕೆಯನ್ನು ಎರಡು ಸಲ ಓದಿ, ನೋಡೋಣ ಎಂದರು. ನಮ್ಮ ಕಡೆ ನೋಡೋಣ ಎಂದರೆ ಬರುವುದಿಲ್ಲ ಎಂದರ್ಥ. ಅವರು ಬರಲೂ ಇಲ್ಲ, ಅವರಿಗೆ ತಂದಿದ್ದ ಶಾಲು ನನ್ನ ಟ್ರಂಕಿನಲ್ಲಿ ಉಳಿಯಿತು. ಈ ಓಡಾಟಕ್ಕೆಲ್ಲ ಪ್ರಾಂಶುಪಾಲರ ಸಹಿಯಿದ್ದ ಅನುಮತಿ ಪತ್ರವಿತ್ತು. ಅದನ್ನು ತೋರಿಸಿದರೆ ಹಾಜರಾತಿ ಸಿಗುತ್ತಿತ್ತು. ಪಾಠ ಸಿಗುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಬಯಾಲಜಿ ಮೇಷ್ಟ್ರು ರಂಗಪ್ಪನವರು ಪ್ರತಿ ವರ್ಷ ಐದೇ ಐದು ಮಕ್ಕಳನ್ನು ಆರಿಸಿಕೊಂಡು ಬೆಳಗ್ಗೆ ಆರಕ್ಕೆ ತಮ್ಮ ಮನೆಯಲ್ಲಿ ಪುಕ್ಕಟೆ ಪಾಠ ಹೇಳುತ್ತಿದ್ದರು. ಆ ಐವರಲ್ಲಿ ಒಬ್ಬರಿಬ್ಬರಿಗಾದರೂ ಮೆಡಿಕಲ್ ಸೀಟು ಖಂಡಿತ ಎಂದು ಊರೆಲ್ಲ ನಂಬಿತ್ತು. ಕೋಚಿಂಗಿಗೆ ಬೆಂಗಳೂರಿಗೆ ಕಳಿಸುವ ಶಕ್ತಿ ನಮ್ಮ ಮನೆಯಲ್ಲಿರಲಿಲ್ಲ. ಆ ಐವರಲ್ಲಿ ನಾನೊಬ್ಬಳು ಎಂಬುದೇ ನನಗಿದ್ದ ಒಂದೇ ಧೈರ್ಯ.

ಇನ್ನು ವಂದನಾರ್ಪಣೆ. ಬಯಾಲಜಿ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಪಟ್ಟಿ ಬರೆದುಕೊಂಡು ಹೋಗಿ ಓದಿದೆ. ಶಾಮಿಯಾನದವರನ್ನು ನೆನೆದೆ, ಹೂವಿನವರನ್ನು ನೆನೆದೆ, ಕರೆಂಟು ತೆಗೆಯದೆ ಸಹಕರಿಸಿದ ಲೈನ್‌ಮನ್ನನ್ನೂ ನೆನೆದೆ. ಇಳಿದು ಬಂದ ಮೇಲೆ ಹಾಸ್ಟೆಲಿನ ಗೆಳತಿ ಶೋಭಾ ಮೆಲ್ಲಗೆ, ರಂಗಪ್ಪ ಸರ್ ಹೆಸರು ಹೇಳಲೇ ಇಲ್ಲವಲ್ಲೇ ಎಂದಳು. ನೋಟ್‌ಬುಕ್ ಬಿಡಿಸಿ ಪಟ್ಟಿ ನೋಡಿದೆ. ಆ ನೋಟ್‌ಬುಕ್ಕಿನ ತುಂಬ ಇದ್ದದ್ದೇ ಅವರ ಪಾಠ, ಅವರ ಹೆಸರೊಂದೇ ಬಿಟ್ಟಿದ್ದೆ.

ಅವತ್ತಿನಿಂದ ಸರ್ ನನ್ನತ್ತ ನೋಡುವುದನ್ನೇ ಬಿಟ್ಟರು. ಎದುರಿಗೆ ಸಿಕ್ಕಿದರೆ ತಲೆ ಬಗ್ಗಿಸಿಕೊಂಡು ಹೋಗಿಬಿಡುತ್ತಿದ್ದರು. ಬೆಳಗಿನ ಪಾಠಕ್ಕೆ ನನ್ನ ಜಾಗದಲ್ಲಿ ಬೇರೊಬ್ಬಳು ಬರುತ್ತಿದ್ದಾಳೆ ಎಂದು ಶೋಭಾ ಸುದ್ದಿ ತಂದಳು. ಸಮಾಧಾನಪಡಿಸಲೇಬೇಕೆಂದು ಸಂಘದ ಪರವಾಗಿ ನೋಟಿಸ್ ಬೋರ್ಡಿನಲ್ಲಿ ಬಣ್ಣದ ಅಕ್ಷರಗಳಲ್ಲಿ ರಂಗಪ್ಪನವರಿಗೆ ವಿಶೇಷ ಧನ್ಯವಾದ ಬರೆದು ಅಂಟಿಸಿದೆ. ಮಧ್ಯಾಹ್ನದೊಳಗೆ ಫಿಸಿಕ್ಸ್ ಮೇಡಂ ಬಂದು, ಮಿಕ್ಕವರೇನು ವಿಶೇಷವಲ್ಲವೇನಮ್ಮ ಎಂದು ಕೇಳಿದರು. ಎಲ್ಲರ ಹೆಸರನ್ನೂ ಸೇರಿಸಿ, ಹಿರಿತನದ ಪ್ರಕಾರ ಜೋಡಿಸಿ ಹೊಸದು ಬರೆಯಲು ಮತ್ತೆರಡು ದಿನ ಹಿಡಿಯಿತು. ಆ ಎರಡು ದಿನವೂ ಅನುಮತಿ ಪತ್ರ ನನ್ನ ಜೇಬಿನಲ್ಲೇ ಇತ್ತು.

ಕೊನೆಗೆ ಒಂದು ಭಾನುವಾರ, ಟ್ರಂಕಿನಲ್ಲಿದ್ದ ಶಾಲು, ನಾಲ್ಕು ಮೂಸಂಬಿ ಹಿಡಿದು ಸರ್ ಮನೆಗೇ ಹೋದೆ. ಅವರು ಬನಿಯನ್, ಪಂಚೆಯಲ್ಲಿ ದಾಸವಾಳಕ್ಕೆ ನೀರು ಹಾಕುತ್ತಿದ್ದರು. ಅವರು ಬೇಡ ಎನ್ನುವಷ್ಟರಲ್ಲಿ ಶಾಲು ಹೊದಿಸಿ, ಅಂಗಳದಲ್ಲೇ ನಿಂತು, ಉರುಹೊಡೆದಿದ್ದ ವಂದನೆಯನ್ನು ಒಪ್ಪಿಸಿದೆ. ಅವರು ಚೊಂಬು ಕೈಯಲ್ಲಿ ಹಿಡಿದು ಪೂರ್ತಿ ಕೇಳಿದರು.

"ಯಾರ್ ಎಸ್ರು ಏಳ್ದೋ, ಯಾರ್ದು ಬುಟ್ಟೋ, ನಂಗೇನ್ ಗೊತ್ತಮ್ಮ? ಸ್ವಾಗತ ಮುಗೀತಿದ್ದಂಗೆ ನಾನು ಮನೇಗೆ ಬಂದ್ಬುಟ್ಟೆ" ಎಂದರು. ಆಮೇಲೆ ಚೊಂಬು ಕೆಳಗಿಟ್ಟು, "ನೀನು ಬೆಳಿಗ್ಗೆ ಪಾಠಕ್ಕೆ ಬಂದು ಇಪ್ಪತ್ತೆರಡು ದಿನ ಆಯ್ತು. ಜೆನೆಟಿಕ್ಸ್ ಪೂರ್ತಿ ಮುಗ್ದೋಯ್ತು. ನಿಂಗೆ ಬೇಕಾಗಿಲ್ಲ ಅಂದ್ಕಂಡೆ ಕಣಮ್ಮ" ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಬೇಜಾರಿತ್ತು. ನನಗೆ ಅಳು ಬಂತು, ಅಲ್ಲೇ ಅತ್ತೂಬಿಟ್ಟೆ. ಸರ್ ಮೆತ್ತಗಾದರು. ಇನ್ನೊಂದು ಕುರ್ಚಿ ಹಾಕಿದರೆ ಏನೂ ಆಗುವುದಿಲ್ಲ, ನಾಳೆ ಆರಕ್ಕೆ ಬಾ, ಜೆನೆಟಿಕ್ಸ್ ಮೊದಲಿಂದ ಹೇಳಿಕೊಡುತ್ತೇನೆ ಎಂದರು. ಅಷ್ಟು ಹಗುರವಾದದ್ದು ನನಗೆ ನೆನಪೇ ಇಲ್ಲ. ಕಣ್ಣೊರೆಸಿಕೊಂಡು, ಕೃತಜ್ಞತೆ ತುಂಬಿ ಬಂದು, ಹೇಳಿದೆ:

"ಬತ್ತೀನಿ ಸಾ. ನಾಳೆ ಏಳಕ್ಕೆ ಬೀಳ್ಕೊಡುಗೆ ಸಮಿತಿ ಮೀಟಿಂಗ್ ಐತೆ, ಒಂಚೂರು ಬೇಗ ಬುಡ್ತೀರಾ?"

ಸರ್ ನನ್ನನ್ನೇ ನೋಡಿದರು. ಹೆಗಲ ಮೇಲಿದ್ದ ಶಾಲನ್ನು ನಿಧಾನವಾಗಿ ತೆಗೆದು, ಮಡಚಿ, ನನ್ನ ಹೆಗಲಿಗೆ ಹಾಕಿದರು. "ಸನ್ಮಾನ ನಿಂಗೇ ಆಗ್ಲಿ ಕಣಮ್ಮ" ಎಂದು ಹೇಳಿ ಒಳಗೆ ಹೋದರು.

ಬೀಳ್ಕೊಡುಗೆ ಸಮಾರಂಭ ಅದ್ದೂರಿಯಾಗಿ ನಡೆಯಿತು. ನೀಟ್ ಅಷ್ಟು ಅದ್ದೂರಿಯಾಗಿ ನಡೆಯಲಿಲ್ಲ. ಮರುವರ್ಷ ಯಾವ ಸಂಘದ ಪದವಿಯೂ ಇಲ್ಲದೆ ನುಗ್ಗೇಹಳ್ಳಿಯ ಮನೆಯಲ್ಲಿ ಕೂತು, ಅವ್ವನ ಕಾವಲಿನಲ್ಲಿ ಜೆನೆಟಿಕ್ಸ್ ಒಬ್ಬಳೇ ಓದಿ ಸೀಟು ತೆಗೆದುಕೊಂಡೆ. ಈಗ ಮೆಡಿಕಲ್ ಮೊದಲ ವರ್ಷದಲ್ಲಿದ್ದೇನೆ. ಮೊದಲ ಸಲ ಯಾಕೆ ಆಗಲಿಲ್ಲ ಎಂದು ಸಹಪಾಠಿಗಳು ಕೇಳಿದರೆ, ಆ ವರ್ಷದ ಪ್ರಶ್ನೆಪತ್ರಿಕೆ ಬಹಳ ಕಷ್ಟವಿತ್ತು ಎನ್ನುತ್ತೇನೆ. ನಿಜವಾಗಿ ಕಷ್ಟವಿತ್ತೋ ಸುಲಭವಿತ್ತೋ, ಓದಿಕೊಂಡು ಹೋದವರನ್ನೇ ಕೇಳಬೇಕು.