ಮೆದುಗೈ ಬರೆದ ಆರು ಅಕ್ಷರ

ಮೆದುಗೈ ನಕ್ಕಿದ್ದು ಒಂದೇ ಸಲ, ಅದೂ ಒಂದರೆಗಳಿಗೆ. ಆ ನಗುವನ್ನು ವಾಪಸು ತೆಗೆದುಕೊಳ್ಳಲು ಅವನು ನಾಲ್ಕು ತಿಂಗಳು ಜಪಾನಿ ಅಕ್ಷರ ಕಲಿಯಬೇಕಾಯಿತು.

ಅವನದು ಒಂದೇ ಕುರ್ಚಿಯ ಕ್ಷೌರದಂಗಡಿ. ಕತ್ತರಿ ಆಡಿದ್ದೇ ಗೊತ್ತಾಗುವುದಿಲ್ಲವೆಂದು ಗಿರಾಕಿಗಳು ಅವನಿಗೆ ಆ ಹೆಸರಿಟ್ಟಿದ್ದರು. ಕಾರ್ಖಾನೆಗೆ ಯಂತ್ರ ಕೂರಿಸಲು ಜಪಾನಿನಿಂದ ಬಂದಿದ್ದ ಮುದುಕರೊಬ್ಬರು ಆರು ವರ್ಷದಿಂದ ತಿಂಗಳಿಗೊಮ್ಮೆ ತಪ್ಪದೆ ಬಂದು ಅವನ ಕೈಗೆ ತಲೆ ಒಪ್ಪಿಸುತ್ತಿದ್ದರು. ಬೀದಿಯವರಿಗೆಲ್ಲ ಅವರು ಯಂತ್ರದಜ್ಜ. ಅಜ್ಜನಿಗೆ ನಮ್ಮ ಮಾತು ಬಾರದು, ಮೆದುಗೈಗೆ ಅವರದು ಬಾರದು. ಆದ್ದರಿಂದ ಇಬ್ಬರ ನಡುವೆ ಒಂದು ದಿನವೂ ಮನಸ್ತಾಪ ಬಂದಿರಲಿಲ್ಲ.

ಒಂದು ದಿನ ಅಜ್ಜ ಜೇಬಿನಿಂದ ಹೆಂಡತಿಯ ಫೋಟೋ ತೆಗೆದು ತೋರಿಸಿ, ಎಂದೂ ಇಲ್ಲದಂತೆ ಏನೇನೋ ಹೇಳಿದರು. ಹೆಂಡತಿಯ ಬೈಗುಳದ ಕತೆಯಿರಬೇಕೆಂದು ಮೆದುಗೈ ಅವರ ಹೆಗಲು ತಟ್ಟಿ ಗಹಗಹಿಸಿ ನಕ್ಕ. ಬೆಂಚಿನ ಮೇಲಿದ್ದವರೂ ನಕ್ಕರು. ಅಜ್ಜ ಫೋಟೋ ಒಳಗಿಟ್ಟುಕೊಂಡರು. ಮೂರು ದಿನದ ಮೇಲೆ ಕಾರ್ಖಾನೆಯ ಡ್ರೈವರ್ ಹೇಳಿದ, "ಅಜ್ಜನ ಹೆಂಡ್ತಿ ಹೋದ ತಿಂಗಳು ತೀರ್ಕೊಂಡ್ರಂತೆ. ಇವ್ರು ಊರಿಗೆ ಹೋಗೋಷ್ಟ್ರಲ್ಲಿ ಎಲ್ಲಾ ಮುಗಿದೇ ಹೋಗಿತ್ತಂತೆ. ಪಾಪ, ಇಲ್ಲಿ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ."

ಬಾಯಿ ಬಿಟ್ಟದ್ದು ಒಂದೇ ಕಡೆ ಎಂಬುದು ಮೆದುಗೈಗೆ ಮಾತ್ರ ಗೊತ್ತಿತ್ತು. ಅವತ್ತಿನಿಂದ ಅನ್ನ ಸರಿಯಾಗಿ ಇಳಿಯಲಿಲ್ಲ. ಕಾರ್ಖಾನೆಯಲ್ಲಿ ದುಭಾಷಿಯೊಬ್ಬನಿದ್ದ, ಆದರೆ ಇಂಥ ಮಾತನ್ನು ಮೂರನೆಯವನ ಬಾಯಲ್ಲಿ ಹೇಳಿಸುವುದು ಅವನ ಮನಸ್ಸಿಗೆ ಒಪ್ಪಲಿಲ್ಲ. ಅಜ್ಜನ ಅಕ್ಷರದಲ್ಲೇ ತನ್ನ ಕೈಯಾರೆ ಬರೆದುಕೊಡಬೇಕೆಂದು ನಿಶ್ಚಯಿಸಿದ. ಯಾಕೆಂದು ಯಾರಿಗೂ ಹೇಳಲಿಲ್ಲ.

ಕಾಂಜಿ ಎಂಬ ಆ ಅಕ್ಷರಗಳು ಸಾವಿರಾರು, ಒಂದೊಂದೂ ಒಂದೊಂದು ಪದ. ಫೋನು ಮಾತಾಡಲಿಕ್ಕೆ ಮಾತ್ರ ಬಳಕೆಯಾಗುತ್ತಿದ್ದ ಕಾಲ ಅದು. ಆದರೂ ಕಲಿಯುವ ದಾರಿಗಳಿಗೆ ಬೀದಿಯಲ್ಲಿ ಬರವಿರಲಿಲ್ಲ. ಪಕ್ಕದಂಗಡಿಯ ಇಸ್ತ್ರಿ ಅಕ್ಕ, "ಒಂದೊಂದಕ್ಕೂ ಒಂದೊಂದು ಕತೆ ಕಟ್ಕೋ" ಎಂದಳು. ಬ್ಯಾಂಕಿನ ಕಾವಲುಗಾರ, "ನೂರು ಸಲ ಬರಿ, ತಾನಾಗೇ ಬರುತ್ತೆ" ಎಂದ. ಆದರೆ ಮೆದುಗೈಯ ಎರಡು ಕೈಗಳೂ ದಿನವಿಡೀ ಇನ್ನೊಬ್ಬರ ತಲೆಯ ಮೇಲೆ. ಕೊನೆಗೆ ಗೆದ್ದದ್ದು ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಉಪಾಯ. ಅವರು ಹಳೇ ಪುಸ್ತಕವೊಂದನ್ನು ಸಂಪಾದಿಸಿ, ದಿನಕ್ಕೊಂದು ಅಕ್ಷರವನ್ನು ದಪ್ಪ ಕುಂಚದಲ್ಲಿ ಚೀಟಿಗೆ ಬರೆದು, ಬೆಂಚಿನ ಮೇಲಿನ ಗೋಡೆಗೆ ಅಂಟಿಸಿ, ಅರ್ಥ ಹೇಳಿ ಹೋಗುತ್ತಿದ್ದರು. ಮೆದುಗೈ ಕತ್ತರಿ ನಿಲ್ಲಿಸದೆ, ಕತ್ತು ತಿರುಗಿಸದೆ ದಿನವೆಲ್ಲ ಅದನ್ನೇ ನೋಡುತ್ತಿದ್ದ. ಅಜ್ಜ ಬರುವ ದಿನ ಮಾತ್ರ ಚೀಟಿಗಳ ಮೇಲೆ ಟವೆಲು ಇಳಿಬಿಡುತ್ತಿದ್ದ. ಮೊದಲ ವಾರ ಮೇಷ್ಟ್ರು ಪರೀಕ್ಷೆ ಮಾಡಿದಾಗ ಸೂರ್ಯ, ಬೆಟ್ಟ, ಮರ, ಬಾಯಿ, ಗದ್ದೆ ಐದನ್ನೂ ಚಾಚೂ ತಪ್ಪದೆ ಬರೆದ.

"ಇನ್ನು ಪರೀಕ್ಷೆ ಮಾಡೋದು ನಿನಗೆ ಅವಮಾನ ಕಣಯ್ಯ" ಎಂದು ಮೇಷ್ಟ್ರು ಮತ್ತೆ ಆ ಗೋಜಿಗೆ ಹೋಗಲಿಲ್ಲ.

ನಾಲ್ಕು ತಿಂಗಳು ಕಳೆದು ಅಜ್ಜ ಊರಿಗೆ ಮರಳುವ ದಿನ ಬಂತು; ಹನ್ನೊಂದಕ್ಕೆ ಅವರ ಕೊನೆಯ ಕ್ಷೌರ. ಕಾರ್ಖಾನೆಯ ಕೆಲಸ ಮುಗಿದು ಅಜ್ಜ, ದುಭಾಷಿ ಎಲ್ಲರೂ ಮಧ್ಯಾಹ್ನವೇ ಹೊರಡುವವರಿದ್ದರು. ಮೆದುಗೈ ಬೇಕಾದ ಆರು ಅಕ್ಷರಗಳನ್ನು ಆರಿಸಿಟ್ಟುಕೊಂಡಿದ್ದ. ಹೆಂಡತಿ, ಸಾವು, ನಾನು, ಅರಿಯದೆ, ನಗು, ತಪ್ಪು. ಬೆಳಿಗ್ಗೆ ಎದ್ದು ನೋಡಿದರೆ ಹೆಂಡತಿಯೇ ಮರೆತುಹೋಗಿದ್ದಳು. ಆ ಚೀಟಿ ಅಂಟು ಬಿಟ್ಟು ಎಲ್ಲೋ ಹಾರಿಹೋಗಿತ್ತು.

"ಅದು ಯಾರಾದ್ರೂ ಮರೆಯೋ ಅಕ್ಷರವಾ?" ಎಂದಳು ಇಸ್ತ್ರಿ ಅಕ್ಕ. "ಕೆಳಗೆ ಕೂತಿರೋಳು ಹೆಂಗಸು, ತಲೆ ಮೇಲೆ ಪೊರಕೆ. ನಾನೇ ಹೇಳ್ಕೊಟ್ಟಿದ್ದೆ."

ಕುರ್ಚಿಯಲ್ಲಿ ಬ್ಯಾಂಕಿನ ಕಾವಲುಗಾರ ಮುಖಕ್ಕೆ ನೊರೆ ಬಳಿಸಿಕೊಂಡು ಕಣ್ಣು ಮುಚ್ಚಿದ್ದ. ಮೆದುಗೈ ಆ ನೊರೆಯ ಮೇಲೆ ಬೆರಳಲ್ಲಿ ಹೆಂಗಸನ್ನು ಕೂರಿಸಿದ. ಪೊರಕೆಗೆ ಜಾಗ ಸಾಲಲಿಲ್ಲ. ಅಳಿಸಿ ಮತ್ತೆ ಬರೆದ. ಪೊರಕೆಯ ಗೆರೆ ಎರಡೋ ಮೂರೋ ಎಂದು ಲೆಕ್ಕ ಹಾಕುತ್ತಲೇ ಕತ್ತಿ ಎಳೆದ. ಕಾವಲುಗಾರನ ಇಪ್ಪತ್ತು ವರ್ಷದ ಮೀಸೆಯಲ್ಲಿ ಅರ್ಧ ನೊರೆಯ ಜೊತೆ ಬಂದುಬಿಟ್ಟಿತು.

"ಏನೋ ತಣ್ಣಗಾಯ್ತಲ್ಲ" ಎಂದು ಕಾವಲುಗಾರ ಕಣ್ಣು ಬಿಟ್ಟ. ಆಮೇಲೆ ಅವನು ಆಡಿದ ಮಾತುಗಳಿಗೆ ಯಾವ ಭಾಷೆಯಲ್ಲೂ ಅಕ್ಷರವಿರಲಾರದು. ಉಳಿದರ್ಧವನ್ನೂ ತೆಗೆಯದೆ ಗತಿಯಿರಲಿಲ್ಲ. ಮೀಸೆಯಿಲ್ಲದ ಅವನನ್ನು ನೋಡಿ ಬೆಂಚಿನವರು ನಕ್ಕರು. ಮೆದುಗೈ ನಗಲಿಲ್ಲ. ನಗುವುದನ್ನು ಅವನು ಬಿಟ್ಟು ನಾಲ್ಕು ತಿಂಗಳಾಗಿತ್ತು.

ಹತ್ತೂವರೆಗೆ ಒಳಕೋಣೆಗೆ ಹೋಗಿ, ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಆರು ಅಕ್ಷರಗಳನ್ನು ಒಂದರ ಕೆಳಗೊಂದು ಬರೆದ. ಮೇಷ್ಟ್ರು ಬಾಗಿಲು ತಟ್ಟಿ, "ತೋರಿಸಯ್ಯ, ಒಂದು ಸಲ ತಿದ್ದಿಕೊಡ್ತೀನಿ" ಎಂದರು.

"ಬೇಡ ಮೇಷ್ಟ್ರೇ, ಇದು ನಂದು ಅವರದು" ಎಂದು ಹಾಳೆ ಮಡಚಿ ಜೇಬಿಗಿಟ್ಟುಕೊಂಡ.

ಅಜ್ಜ ಬಂದರು. ಮೆದುಗೈ ಎಂದಿಗಿಂತ ನಿಧಾನವಾಗಿ ಕತ್ತರಿಸಿದ. ಬಟ್ಟೆ ಕೊಡವಿ, ಬಾಗಿಲವರೆಗೂ ಹೋಗಿ ಕಾಗದ ಕೊಟ್ಟ. ಅಜ್ಜ ಬಿಡಿಸಿ ನೋಡಿದರು. ಹುಬ್ಬು ಗಂಟಿಕ್ಕಿದರು. ತಲೆಕೆಳಗು ಮಾಡಿ ನೋಡಿದರು. ಒಂದು ಅಕ್ಷರದ ಮೇಲೆ ಬೆರಳಿಟ್ಟು, ಈ ಚಿತ್ರ ನನ್ನದೇ ಎನ್ನುವಂತೆ ತಮ್ಮ ಎದೆ ಮುಟ್ಟಿ ತೋರಿಸಿ, ಗಹಗಹಿಸಿ ನಕ್ಕುಬಿಟ್ಟರು. ಮೆದುಗೈಯ ಹೆಗಲು ತಟ್ಟಿ, ನಗುತ್ತಲೇ ಕಾರು ಹತ್ತಿದರು.

"ನೋಡು, ಎಷ್ಟು ಖುಷಿಯಾಯ್ತು ಅವರಿಗೆ" ಎಂದಳು ಇಸ್ತ್ರಿ ಅಕ್ಕ.

ಮೆದುಗೈ ಪೊರಕೆ ಎತ್ತಿಕೊಂಡ. ತಾನು ನಕ್ಕದ್ದು ಅರಿಯದೆ. ಅಜ್ಜನಾದರೋ ಓದಿ ನಕ್ಕರು. ಇಷ್ಟು ದಿನ ಇದಕ್ಕಾಗಿಯೇ ಕಾದಿದ್ದರೇ ಎನಿಸಿ ಸಿಟ್ಟು ನೆತ್ತಿಗೇರಿತು. ಗೋಡೆಯ ಚೀಟಿಗಳನ್ನೆಲ್ಲ ಪರಪರ ಕಿತ್ತು, ನೆಲದ ಕೂದಲಿನ ಜೊತೆ ಗುಡಿಸಿ ಕಸದ ಗಾಡಿಗೆ ಹಾಕಿದ. ಮೇಷ್ಟ್ರ ಪುಸ್ತಕವೂ ಅದರಲ್ಲೇ ಹೋಯಿತು. ಮೇಷ್ಟ್ರು ಮುಖ ಊದಿಸಿಕೊಂಡು ಬೆಂಚಿನಲ್ಲೇ ಕೂತರು.

ನಾಲ್ಕು ಗಂಟೆಗೆ ಡ್ರೈವರ್ ಬಂದ.

"ಏನಣ್ಣ ಬರೆದ್ಕೊಟ್ಟಿದ್ದೆ? ದಾರಿಯುದ್ದಕ್ಕೂ ನಗ್ತಾ ಇದ್ರು. ನಂಗೂ ತೋರಿಸೋಣ ಅಂತ ಹಿಂದಿನಿಂದ ಕಾಗದ ಎತ್ತಿ ಹಿಡಿದ್ರು. ನನ್ನ ಮುಂದಿನ ಕನ್ನಡೀಲಿ ಅದು ಅವರ ಕಣ್ಣಿಗೆ ಬಿತ್ತು ನೋಡು, ನಗು ನಿಂತೇಹೋಯ್ತು. ಕನ್ನಡೀಲೇ ಓದಿದ್ರು. ಆಮೇಲೆ ಮಗು ಥರ ಅತ್ತುಬಿಟ್ರು. ವಾಪಸ್ ತಿರುಗಿಸು ಅಂತ ಕೈ ಮಾಡಿದ್ರು, ಆದ್ರೆ ವಿಮಾನಕ್ಕೆ ಹೊತ್ತಾಗಿತ್ತು."

ಮೇಷ್ಟ್ರು ಬೋಳು ಗೋಡೆಯನ್ನು ನೋಡಿದರು, ಎದುರಿನ ಆಳೆತ್ತರದ ಕನ್ನಡಿಯನ್ನು ನೋಡಿದರು, ಹಣೆ ಚಚ್ಚಿಕೊಂಡರು. "ಅಯ್ಯೋ, ನೀನು ನಾಲ್ಕು ತಿಂಗಳೂ ಕನ್ನಡಿಯಿಂದ ಕಲಿತೆಯಾ? ಸೂರ್ಯ, ಬೆಟ್ಟ, ಮರ, ಅವೆಲ್ಲ ಎಡ ಬಲ ಒಂದೇ ಥರ ಕಣಯ್ಯ. ಅದಕ್ಕೇ ನನಗೆ ಗೊತ್ತಾಗ್ಲಿಲ್ಲ."

"ಇದನ್ನ ಕೊಡು ಅಂದ್ರು" ಎಂದು ಡ್ರೈವರ್ ಎರಡು ಹಾಳೆ ಮುಂದೆ ಹಿಡಿದ. "ಕಾರಲ್ಲೇ ಕೂತು ಬರೆದಿದ್ದು."

ಎರಡು ಬದಿಯೂ ಇರುವೆ ಮುತ್ತಿದಂತೆ ಅಕ್ಷರ. ಮೆದುಗೈ ನೇರ ಹಿಡಿದು ನೋಡಿದ, ಕನ್ನಡಿಗೆ ಹಿಡಿದು ನೋಡಿದ. ಒಂದು ಕಡೆ ಸೂರ್ಯ ಕಂಡ, ಇನ್ನೊಂದು ಕಡೆ ಮರ ಕಂಡಿತು. ನಡುವೆ ಅಜ್ಜ ಹೇಳಿದ್ದೇನೆಂದು ತಿಳಿಯಲಿಲ್ಲ.

"ಓದಣ್ಣ. ಅಷ್ಟು ಅತ್ತು ಏನು ಬರೆದಿದ್ದಾರೆ ಅಂತ ನಂಗೂ ಗೊತ್ತಾಗ್ಲಿ" ಎಂದ ಡ್ರೈವರ್. ಇಸ್ತ್ರಿ ಅಕ್ಕ ಕಣ್ಣೊರೆಸಿಕೊಳ್ಳಲು ಸೆರಗು ಹಿಡಿದು ಸಿದ್ಧಳಾಗಿದ್ದಳು. ಮೇಷ್ಟ್ರ ಮುಖದಲ್ಲಿ ಶಿಷ್ಯನ ಮೇಲಿನ ಹೆಮ್ಮೆ ಮತ್ತೆ ಮೂಡಿತ್ತು.

ಅಂದು ಅಜ್ಜನ ದುಃಖಕ್ಕೆ ತಾನು ನಕ್ಕದ್ದನ್ನು ಮೆದುಗೈ ಮೊದಲ ಸಲ ಎಲ್ಲರಿಗೂ ಹೇಳಿ, ಹಾಳೆಯ ಮೇಲೆ ಕಣ್ಣಾಡಿಸಿದ. "ಪರವಾಗಿಲ್ಲ, ಬೇಜಾರು ಮಾಡ್ಕೋಬೇಡ ಅಂತ ಬರೆದಿದ್ದಾರೆ."

"ನಾಲ್ಕು ಪುಟಕ್ಕೆ ಇಷ್ಟೇನಾ?"

"ದೊಡ್ಡವರಲ್ವಾ ಅಕ್ಕ, ವಿಸ್ತಾರವಾಗಿ ಹೇಳಿದ್ದಾರೆ."

ಅಕ್ಕ ಅತ್ತು ಹಗುರಾದಳು. ಡ್ರೈವರ್ ಕೈ ಕುಲುಕಿದ. ಮೇಷ್ಟ್ರು ಪುಸ್ತಕದ ಕೋಪ ಮರೆತು ಬೆನ್ನು ತಟ್ಟಿದರು. ಕತ್ತಲಾಗುವ ಹೊತ್ತಿಗೆ ಅಜ್ಜ ಮೆದುಗೈಯನ್ನು ಕ್ಷಮಿಸಿದರೆಂಬ ಸುದ್ದಿ ಬೀದಿಗೆಲ್ಲ ಹರಡಿ, ಎಲ್ಲರಿಗೂ ಸಮಾಧಾನವಾಗಿತ್ತು. ಅದು ನಿಜವೋ ಅಲ್ಲವೋ ಎಂದು ಇನ್ನು ಯಾರನ್ನೂ ಕೇಳುವ ಹಾಗಿಲ್ಲದವನು ಮೆದುಗೈ ಒಬ್ಬನೇ.