ಬೀಗರು ಚಹಾ ಮುಟ್ಟಲಿಲ್ಲ

ಮನೆಯಲ್ಲಿ ಏನಾದರೂ ದೊಡ್ಡ ಕೆಲಸ ಹಿಡಿದಾಗಲೇ ನನ್ನ ದೇಹ ತಕರಾರು ತೆಗೆಯುತ್ತದೆ. ನನ್ನ ಮದುವೆಯ ದಿನ ಗಂಟಲು ಕಟ್ಟಿತ್ತು. ಅವತ್ತಿನಿಂದ ದನಿ ಸರಿಯಾಗಿ ಬಿಟ್ಟೇ ಇಲ್ಲ ಅಂತ ಗೆಳೆಯರು ಕಾಡುತ್ತಾರೆ. ಈ ಸಲ ಮಗಳ ಮದುವೆ ಮಾತುಕತೆಗೆ ಸರಿಯಾಗಿ ಹೊಟ್ಟೆ ಕೈಕೊಟ್ಟಿತು.

ಮಗಳು ರಾಯಚೂರಿನಲ್ಲಿ ನರ್ಸ್. ಅವಳೂ ಮಾನ್ವಿಯ ಹುಡುಗನೂ ಒಬ್ಬರನ್ನೊಬ್ಬರು ಒಪ್ಪಿದ್ದರು. ಹುಡುಗನ ತಂದೆಗೆ ಮಾತ್ರ ಮೂರು ಬೇಡಿಕೆ: ಹುಡುಗನಿಗೊಂದು ಮೋಟಾರ್ ಸೈಕಲ್, ನಾವು ರಾಯಚೂರು ಎಂದರೂ ಮಾನ್ವಿಯಲ್ಲೇ ಮದುವೆ, ಮತ್ತೆ ಸೊಸೆ ನೌಕರಿ ಬಿಡಬೇಕು. ಮೊದಲಿನ ಎರಡಕ್ಕೆ ನಾನು ಹೇಗೋ ಬಗ್ಗುತ್ತಿದ್ದೆ. ಮೂರನೆಯದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ. ಅವಳು ಎಷ್ಟು ಕಷ್ಟಪಟ್ಟು ಓದಿದ್ದಾಳೆಂದು ನನಗೆ ಗೊತ್ತು.

ಅವ್ವ ಮತ್ತು ಡಾಕ್ಟರು

ವಾಂತಿ ಭೇದಿ ನಿಂತು ವಾರವಾದರೂ, ಹಾಲು ಕುಡಿದರೆ ಸಾಕು, ಹೊಟ್ಟೆಯಲ್ಲಿ ಗದ್ದಲ ಶುರುವಾಗುತ್ತಿತ್ತು. ಡಾಕ್ಟರ ಹತ್ತಿರ ಹೋದೆ. ಬೇಡವೆಂದರೂ ಅವ್ವ ಬೆನ್ನು ಹತ್ತಿದಳು.

"ಕರುಳು ದಣದದ. ಸದ್ಯಕ್ಕ ಹಾಲು ಜೀರ್ಣ ಆಗಂಗಿಲ್ಲ. ಆರು ವಾರ ಹಾಲು, ಮೊಸರು, ಪೇಡೆ ಎಲ್ಲಾ ಬಂದ್. ಆಮ್ಯಾಲ ತಾನ ಸರಿ ಹೋಗ್ತದ," ಎಂದರು ಡಾಕ್ಟರು.

"ಮಜ್ಜಿಗಿ ನಡೀತದಲ್ಲ?" ಅವ್ವ ಕೇಳಿದಳು.

"ಇಲ್ಲವ್ವಾ, ಅದೂ ಹಾಲಿಂದ ಅಲ್ಲೇನು."

ಅವ್ವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಯಪ್ಪಾ, ನೀ ಸಣ್ಣಾಂವ ಇದ್ದಾಗ ಹೊಟ್ಟಿ ಕೆಟ್ರ ನಿಮ್ಮವ್ವ ಏನು ಕುಡಸ್ತಿದ್ಲು?"

ಡಾಕ್ಟರು ಪೆನ್ನು ಕೆಳಗಿಟ್ಟು, ಸಣ್ಣ ದನಿಯಲ್ಲಿ "ಮಜ್ಜಿಗಿ" ಎಂದರು.

"ಕುಡದು ಡಾಕ್ಟರ್ ಆಗೀಯಲ್ಲ ಮತ್ತ?"

ಏಳನೇ ತರಗತಿಯ ರೋಗ

ನಾನು ದೇವದುರ್ಗದ ಸರ್ಕಾರಿ ಶಾಲೆಯಲ್ಲಿ ಗಣಿತದ ಮಾಸ್ತರ. ಮಕ್ಕಳಿಗೆ ಹಾಲು ಹಂಚುವ ಮೊದಲು ಮಾಸ್ತರರಲ್ಲಿ ಒಬ್ಬರು ಕುಡಿದು ನೋಡಬೇಕು. ನಮ್ಮಲ್ಲಿ ಆ ಕೆಲಸ ನನ್ನದು. ಡಾಕ್ಟರು ಹಾಲು ಬಿಡಿಸಿದ ಮೇಲೆ ನಾನು ಲೋಟವನ್ನು ಪಕ್ಕದ ಮೇಡಂ ಕೈಗೆ ದಾಟಿಸಿದೆ. ಏಳನೇ ತರಗತಿಯ ಕಣ್ಣುಗಳು ಅದನ್ನು ಬಿಡಲಿಲ್ಲ.

"ಸರ್, ನೀವ್ಯಾಕ ಕುಡೀಲಿಲ್ಲ?"

ಸುಳ್ಳು ಹೇಳಬಾರದೆಂದು ದಿನಾ ಪಾಠ ಮಾಡುವವನು. ಇದ್ದದ್ದು ಹೇಳಿಬಿಟ್ಟೆ. ಮರುದಿನ ಹಾಲಿನ ಹೊತ್ತಿಗೆ ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ಕುಳಿತಿತ್ತು. ಒಬ್ಬಳನ್ನು ಎಬ್ಬಿಸಿ ಗದರಿಸಿದೆ: "ನಿನಗ ಹಾಲು ಕುಡದ್ರ ನಿಜವಾಗ್ಲೂ ನೋವು ಬರ್ತದೇನು?"

"ಬರ್ತದ ಸರ್. ಹಾಲಿಗಷ್ಟ ಅಲ್ರಿ, ಈಗೀಗ ಗಣಿತಕ್ಕೂ ಬರಾಕತ್ತದ."

ಮಾನ್ವಿಯ ಮಾತುಕತೆ

ಇಷ್ಟರಲ್ಲಿ ಬೀಗರಾಗುವವರು ಕೊನೆಯ ಮಾತಿಗೆ ಕರೆದರು. ಬಸ್ಸಿನಲ್ಲಿ ಹೆಂಡತಿ ತಾಕೀತು ಮಾಡಿದಳು: "ಹೊಟ್ಟಿ ಸುದ್ದಿ ಬಾಯಿ ಬಿಡಬ್ಯಾಡ್ರಿ. ರೋಗದ ಮನಿತನ ಅಂತಾರ."

ಕುಳಿತ ಕೂಡಲೇ ಚಹಾ ಬಂತು, ಕೆನೆಗಟ್ಟಿದ ಚಹಾ. ನಾನು ಕೈಮುಗಿದು "ಬ್ಯಾಡ್ರಿ" ಎಂದೆ. ಹುಡುಗನ ಮನೆಯವರು ಮುಖ ಮುಖ ನೋಡಿಕೊಂಡರು. ನಮ್ಮ ಕಡೆ ಮಾತು ಮನಸ್ಸಿಗೆ ಬರದಿದ್ದರೆ ಹೆಣ್ಣಿನವರು ಆ ಮನೆಯ ಚಹಾ ಮುಟ್ಟುವುದಿಲ್ಲ. ಅದು ನನಗೆ ನೆನಪಾಗುವಷ್ಟರಲ್ಲಿ ಹುಡುಗನ ತಂದೆ ಪಕ್ಕದಲ್ಲಿದ್ದ ತಮ್ಮನ ಕಿವಿಯಲ್ಲಿ ಏನೋ ಹೇಳಿ, ನನ್ನ ಕಡೆ ತಿರುಗಿದರು. "ಗಾಡಿ ಮಾತು ಬಿಡ್ರಿ. ಹುಡುಗ ತಾನ ತಗೋತಾನ."

ಚಹಾ ಒಳಗೆ ಹೋಗಿ ಮಜ್ಜಿಗೆ ಬಂತು. ಮಾನ್ವಿಯ ಬಿಸಿಲಿಗೆ ಬಾಯಲ್ಲಿ ನೀರೂರಿತು. ಆದರೂ ಲೋಟವನ್ನು ಮೆಲ್ಲಗೆ ಆಚೆ ಸರಿಸಿದೆ.

"ಆತ್ರಿ, ಮದುವಿ ರಾಯಚೂರಾಗ ಮಾಡೋಣು," ಎಂದರು ಅವರು, ಸೋತ ದನಿಯಲ್ಲಿ.

ಪಾಪ ಅನ್ನಿಸಿತು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಹೆಂಡತಿ ನನ್ನ ಕಾಲು ತುಳಿದಳು.

ಕೊನೆಗೆ ಹುಡುಗನ ತಂದೆ ತಾವೇ ಪೇಡೆಯ ಡಬ್ಬಿ ಹಿಡಿದು ನನ್ನ ಮುಂದೆ ನಿಂತರು. ನಾನು ಪೇಡೆಯನ್ನು ನೋಡಿದೆ, ಅವರನ್ನು ನೋಡಿದೆ, ನೆಲ ನೋಡಿದೆ.

"ನನಗ ತಿಳೀತು ಬಿಡ್ರಿ," ಎಂದರು. "ನಿಮ್ಮ ಮಗಳು ನೌಕರಿ ಬಿಡೋದು ಬ್ಯಾಡ. ಈಗಾರ ಬಾಯಿ ಸಿಹಿ ಮಾಡ್ಕೋರಿ."

ನನ್ನ ಕಣ್ಣು ತುಂಬಿ ಬಂತು. ಇಷ್ಟಾದ ಮೇಲೆ ಒಲ್ಲೆ ಎಂದರೆ ಮಾತೇ ಮುರಿಯುತ್ತದೆ. ಮಗಳನ್ನು ನೆನೆದು ಒಂದು ಪೇಡೆ ತಿಂದೆ. ಹುಡುಗನ ತಾಯಿ ತಮ್ಮ ಕೈಯಿಂದ ಇನ್ನೊಂದು ತಿನ್ನಿಸಿದರು.

ಎಲ್ಲರೂ ಕ್ಯಾಲೆಂಡರ್ ಹರಡಿಕೊಂಡು ತಾರೀಖು ನೋಡುತ್ತಿದ್ದರು. ಅರ್ಧ ತಾಸೂ ಆಗಿರಲಿಲ್ಲ, ನನ್ನ ಹೊಟ್ಟೆ ಒಂದು ಸಲ ಗುಡುಗಿತು. ನಾನು ಧಡಕ್ಕನೆ ಎದ್ದೆ, ಯಾರ ಮುಖವನ್ನೂ ನೋಡದೆ ಹಿತ್ತಲಿನ ಕಡೆ ಓಡಿದೆ.

ಹಿಂದಿನಿಂದ ಹುಡುಗನ ತಂದೆಯ ಗಾಬರಿಯ ದನಿ ಕೇಳಿಸಿತು: "ಬೀಗ್ರ, ಎದ್ದು ಹೋಗಬ್ಯಾಡ್ರಿ. ಮದುವಿ ಊಟಾನೂ ನಮ್ಮದ ಇರಲಿ."

ನಾನು ಹೊಟ್ಟೆ ಹಗುರ ಮಾಡಿಕೊಂಡು ಬರುವಷ್ಟರಲ್ಲಿ ಹೆಂಡತಿ ಅದಕ್ಕೂ ಹೂಂ ಅಂದಾಗಿತ್ತು. ಪಕ್ಕಕ್ಕೆ ಕೂರಿಸಿಕೊಂಡು ಕಿವಿಯಲ್ಲಿ ಮೆಲ್ಲಗೆ ಕೇಳಿದಳು:

"ಇನ್ನೊಂದು ಪೇಡೆ ತಿಂತೀರೇನು?"