ಶಿವಗಂಗವ್ವ ಬೇಡವೆಂದ ಗಾಡಿ

ಮುದಕಪ್ಪನಿಗೆ ಸಿಟ್ಟು ಬರಲು ಕಾರಣ ಬೇಕಾಗಿರಲಿಲ್ಲ. ಹೆಂಡತಿ ಶಿವಗಂಗವ್ವ ಬಾಯಿ ತೆರೆದರೆ ಸಾಕಿತ್ತು. ಚಹಾಕ್ಕೆ ಸಕ್ಕರೆ ಕಡಿಮೆ ಹಾಕಲೇ ಎಂದರೆ ಎರಡು ಚಮಚ ಹೆಚ್ಚು ಬೇಕೆನ್ನುವ, ಮಳೆ ಬರುವ ಹಾಗಿದೆ ಎಂದರೆ ಕೊಡೆ ಬಿಟ್ಟು ಹೊರಡುವ ಗಂಡಸು. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಸಾಹೇಬರ ಮಾತು ಕೇಳಿ ಕೇಳಿ, ಮನೆಯಲ್ಲಾದರೂ ಯಾರ ಮಾತೂ ಕೇಳಬಾರದೆಂಬುದು ಅವನ ವ್ರತ. (ಏಕಾದಶಿಗಿಂತ ಕಟ್ಟುನಿಟ್ಟಾಗಿ ನಡೆಯುತ್ತಿದ್ದ ವ್ರತ ಅದೊಂದೇ.)

ಅಂಥವನು ಪಿಕಪ್ ಗಾಡಿ ಕೊಳ್ಳಲು ಹೊರಟ. ಶಿವಗಂಗವ್ವನ ರೊಟ್ಟಿ ವ್ಯಾಪಾರ ಬೆಳೆದಿತ್ತು. ದಿನಾ ಮುಂಜಾನೆ ಮುನ್ನೂರು ರೊಟ್ಟಿ, ಪುಂಡಿಪಲ್ಯದ ಪಾತೇಲಿ, ಶೇಂಗಾ ಚಟ್ನಿಯ ಡಬ್ಬಿ ಖಾನಾವಳಿಗಳಿಗೆ ಮುಟ್ಟಬೇಕು. ಜೊತೆಗೆ ಸುಗ್ಗಿಯಲ್ಲಿ ನಾಲ್ಕಾರು ಸಲ ಅವಳ ತಮ್ಮ ಸುಭಾಸನ ಗೋವಿನಜೋಳ ಒಕ್ಕುವ ಯಂತ್ರವನ್ನು ಗಾಡಿಯ ಹಿಂದೆ ಕಟ್ಟಿ, ಕರೆದವರ ಊರಿಗೆ ಎಳೆದೊಯ್ಯಬೇಕು.

"ಸಣ್ಣ ಪಿಕಪ್ ಸಾಕು," ಎಂದು ಹಳಿಯಾಳದ ಬಸ್ಸಿನುದ್ದಕ್ಕೂ ಮುದಕಪ್ಪ ಹೇಳುತ್ತಲೇ ಇದ್ದ. "ದಿನಾ ಹೊರೂದು ರೊಟ್ಟಿ. ನಿನ್ನ ರೊಟ್ಟಿ ಏನ ಕಬ್ಬಿಣದ ತಗಡೇನ?" (ಮದುವೆಯಾದ ಹೊಸತರಲ್ಲಿ ಹೌದೆಂದಿದ್ದ. ಎರಡು ದಿನ ಉಪವಾಸ ಬಿದ್ದಿತ್ತು.)

ಶಿವಗಂಗವ್ವ ಕಿಟಕಿಯಾಚೆ ನೋಡುತ್ತ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದಳು. ಆಗಲೇ ಅವನು ಹೆದರಬೇಕಿತ್ತು.

ಹಳೇ ಗಾಡಿ ಮಾರುವ ಸಂಜೀವಕುಮಾರನ ಅಂಗಳದಲ್ಲಿ ಎರಡು ಪಿಕಪ್ ನಿಂತಿದ್ದವು, ಒಂದು ಸಣ್ಣದು, ಒಂದು ದೊಡ್ಡದು. ಮುದಕಪ್ಪ ಅವನ್ನು ತನ್ನಪ್ಪ ಎತ್ತು ನೋಡುತ್ತಿದ್ದ ಹಾಗೆ ನೋಡಿದ. ಬೆನ್ನು ತಟ್ಟಿದ. ಬಾನೆಟ್ ಎತ್ತಿಸಿ ಹಲ್ಲು ಎಣಿಸುವವನಂತೆ ಒಳಗೆ ಇಣುಕಿದ. ಕೆಟ್ಟ ಸುಳಿ ಇದೆಯೋ ಎಂದು ಗಾಡಿಯ ಮೈಸುತ್ತ ಕೈಯಾಡಿಸಿದ.

"ಕಾಕಾ, ದಿನದ ಓಡಾಟಕ್ಕ ಸಣ್ಣದು ಚಲೋ," ಎಂದ ಸಂಜೀವಕುಮಾರ. "ಯಂತ್ರ ಎಳೀಲಿಕ್ಕೆ ದೊಡ್ಡದಕ್ಕ ದಮ್ ಐತಿ. ಆದ್ರ ಡೀಸೆಲ್ ಜಾಸ್ತಿ ಕುಡೀತೈತಿ."

"ಹಂಗಾದ್ರ ಸಣ್ಣ..." ಎನ್ನುವಷ್ಟರಲ್ಲಿ ಶಿವಗಂಗವ್ವ ನಡುವೆ ಬಂದಳು.

"ಹೌದ್ರಿ, ಸಣ್ಣದ ತಗೊಳ್ರಿ. ದೊಡ್ಡದು ನಿಮ್ಮ ಕೈಯಾಗ ಆಗೂದಲ್ಲ."

ಮುಗಿಯಿತು. ಮುದಕಪ್ಪನ ಮೀಸೆ ನಿಗುರಿತು. "ನನ್ನ ಕೈಯಾಗ ಆಗೂದಲ್ಲ? ಏ ತಮ್ಮಾ, ದೊಡ್ಡದರ ಕಾಗದ ತಗಿ!" ಹೆಂಡತಿಯ ಕಡೆ ತಿರುಗಿದ. "ಕೇಳಿಲ್ಲೆ, ಇದಕ್ಕ ಯಂತ್ರ ಕಟ್ಟಿ, ಯಾರ ಸಹಾಯ ಇಲ್ಲದ ಒಯ್ದು ಕಣದಾಗ ನಿಲ್ಲಸ್ತೇನಿ. ಆಗಲಿಲ್ಲಂದ್ರ ಚಾವಿ ನಿನಗ. ನೀನ ಮಾಲಕಿ, ನಾ ಡ್ರೈವರ್!"

"ನಿಮ್ಮ ಮರ್ಜಿ," ಎಂದಳು ಶಿವಗಂಗವ್ವ, ತೀರಾ ದುಃಖದಿಂದ.

ಹದಿನೈದು ದಿನದಲ್ಲಿ ಸುಗ್ಗಿಯ ಮೊದಲ ಕರೆ ಬಂತು, ಮುಂಡಗೋಡದ ಟಿಬೆಟನ್ ಕಾಲೊನಿಯ ಪೆಂಪಾ ಅಜ್ಜನಿಂದ. ಕಣದಲ್ಲಿ ತೆನೆಯ ರಾಶಿ ಬಿದ್ದಿದೆ, ಮೋಡ ಕಟ್ಟಿದೆ, ಬೇಗ ಬರ್ರಿ. ಮುದಕಪ್ಪ ಹಳಿಯಾಳದ ಸುಭಾಸನ ಮನೆಯಲ್ಲಿ ಯಂತ್ರ ಕಟ್ಟಿಕೊಂಡು, ಹೆಂಡತಿಯನ್ನು ಸಾಕ್ಷಿಗೆಂದು ಪಕ್ಕದಲ್ಲಿ ಕೂರಿಸಿಕೊಂಡು ದಿಗ್ವಿಜಯಕ್ಕೆ ಹೊರಟ. ದಾರಿಯುದ್ದಕ್ಕೂ ಯಂತ್ರ ಪಳಗಿದ ಕರುವಿನಂತೆ ಹಿಂದೆ ಬಂತು. "ನೋಡಿದೇನ?" ಎಂದು ಮೈಲಿಗೊಮ್ಮೆ ಕೇಳಿದ.

ಕಣ ಮುಟ್ಟಿದ ಮೇಲೆ ಕಥೆ ತಿರುಗಿತು. ಒಂದು ಕಡೆ ಗೋಡೆ, ಒಂದು ಕಡೆ ಕಾಲುವೆ. ನಡುವಿನ ದಾರಿಯಲ್ಲಿ ಯಂತ್ರವನ್ನು ಹಿಮ್ಮುಖವಾಗಿ ರಾಶಿಯ ತನಕ ಒಯ್ಯಬೇಕು. ಮುದಕಪ್ಪ ಎಡಕ್ಕೆ ತಿರುಗಿಸಿದರೆ ಯಂತ್ರ ಬಲಕ್ಕೆ ಹೋಯಿತು. ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಸಿಟ್ಟಿನಿಂದ ಇನ್ನೂ ತಿರುಗಿಸಿದ. ಅದು ಮುನಿಸಿಕೊಂಡ ಬೀಗರಂತೆ ಅಡ್ಡಡ್ಡ ನಿಂತಿತು. ಹನ್ನೊಂದು ಸಲ ಮುಂದೆ, ಹನ್ನೊಂದು ಸಲ ಹಿಂದೆ. ಕೆಂಪು ಬಟ್ಟೆಯ ಲಾಮಾಗಳು ಬಂದು ಗೋಡೆಗೊರಗಿ ನಿಂತರು.

"ಬಿಚ್ಚರಿ, ನಾವು ನೂಕತೇವಿ," ಎಂದ ಪೆಂಪಾ ಅಜ್ಜ, ಮೋಡ ನೋಡುತ್ತ.

"ಯಾರೂ ಮುಟ್ಟಬ್ಯಾಡ್ರಿ! ಹೆಂಡ್ತಿ ಜೋಡಿ ಪಂತ ಐತಿ!"

ಮೊದಲ ಹನಿ ಗಾಜಿನ ಮೇಲೆ ಬಿತ್ತು. ಶಿವಗಂಗವ್ವ ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದಳು. ಅವಳಪ್ಪ ಕಾಡಿನಿಂದ ಡಿಪೋಕ್ಕೆ ಬಿದಿರು ಸಾಗಿಸಿದ ಬಂಡಿಯವನು. ಹೇರಿದ ಬಂಡಿ ಹಿಂದಕ್ಕೆ ನೂಕುವಾಗ ಎತ್ತಿನ ಮುಖ ಯಾವ ಕಡೆ ತಿರುಗಬೇಕೆಂದು ನೋಡುತ್ತಲೇ ಬೆಳೆದವಳು. ಯಂತ್ರದ ಹಿಂದೆ ನಿಂತು ಕೂಗಿದಳು:

"ಎಡಕ್ಕ ತಿರುವ್ರಿ!"

"ನೀ ಹೇಳಬ್ಯಾಡ!" ಮುದಕಪ್ಪ ಹಠದಿಂದ ಬಲಕ್ಕೆ ತಿರುಗಿಸಿದ.

ಯಂತ್ರ ಮೆಲ್ಲಗೆ ಎಡಕ್ಕೆ ಸರಿಯಿತು.

"ಈಗ ಬಲಕ್ಕ!" ಎಡಕ್ಕೆ ತಿರುಗಿಸಿದ. ಯಂತ್ರ ಬಲಕ್ಕೆ ವಾಲಿ ನೆಟ್ಟಗಾಯಿತು.

"ಬ್ಯಾಡ್ರಿ, ಹಿಂದ ಬರಬ್ಯಾಡ್ರಿ!" ರೊಯ್ಯನೆ ಹಿಂದೆ ಹೋದ. "ಇನ್ನಷ್ಟು ಬರ್ರಿ!" ಗಕ್ಕನೆ ನಿಂತ. ಯಂತ್ರ ರಾಶಿಯ ಪಕ್ಕ, ಒಂದು ಮೊಳ ಅಂತರದಲ್ಲಿ, ಅಳತೆ ಹಿಡಿದು ಇಟ್ಟ ಹಾಗೆ ನಿಂತಿತ್ತು.

ಮುದಕಪ್ಪ ಬಾಗಿಲು ಬಡಿದು ಕೆಳಗಿಳಿದ. "ನಿನ್ನ ಮಾತು ಕೇಳಿದ್ರ ಈಗ ಕಾಲುವ್ಯಾಗ ಇರ್ತಿದ್ದಿವಿ!"

ಲಾಮಾಗಳು ಹೊಟ್ಟೆ ಹಿಡಿದು ನಗುತ್ತಿದ್ದರು. ಪೆಂಪಾ ಅಜ್ಜ ಶಿವಗಂಗವ್ವನಿಗೆ ಕೈ ಮುಗಿದು, "ತಂಗಿ, ನೀ ಎಡ ಅಂದ್ರ ಯಂತ್ರ ಎಡಕ್ಕ, ಬಲ ಅಂದ್ರ ಬಲಕ್ಕ. ಚಲೋ ಹೊಡದಿ ಗಾಡಿ," ಎಂದ.

ಮುದಕಪ್ಪನ ತಲೆಯೂ ಅಂದು ಮೊದಲ ಸಲ ಹಿಮ್ಮುಖ ಓಡಿತು. ಯಂತ್ರ, ಕಾಲುವೆ, ಮುಂಡಗೋಡದ ರಸ್ತೆ ದಾಟಿ, ನೇರ ಸಂಜೀವಕುಮಾರನ ಅಂಗಳದಲ್ಲಿ ನಿಂತಿತು.

"ಅಂದ್ರ... ಅವತ್ತು ಸಣ್ಣದ ತಗೊಳ್ರಿ ಅಂದಿದ್ದಿ?"

"ದಾಂಡೇಲಿ ಹೊಳಿದಂಡಿ ರೆಸಾರ್ಟಿನವರು ಐದನೂರು ರೊಟ್ಟಿ ಕೇಳ್ಯಾರ್ರಿ," ಎಂದಳು ಶಿವಗಂಗವ್ವ, ಸೆರಗಿನ ಮಳೆಹನಿ ಝಾಡಿಸುತ್ತ. "ಸಣ್ಣದರಾಗ ಹೆಂಗ ಹಿಡಸ್ತಾವು?"

ಇನ್ನು ಮೇಲೆ ಇವಳ ಮಾತಿಗೆ ಉಲ್ಟಾ ಹೋಗಲೇಬಾರದೆಂದು ಮುದಕಪ್ಪ ಅಲ್ಲೇ, ಮಳೆಯಲ್ಲೇ, ಘೋರ ಪ್ರತಿಜ್ಞೆ ಮಾಡಿದ. ರಾಶಿಯ ಮೇಲೆ ತಾಡಪತ್ರಿ ಎಳೆಯುತ್ತಿದ್ದವರ ನಡುವೆ ಶಿವಗಂಗವ್ವ ಮೆತ್ತಗೆ ಹೇಳಿದಳು:

"ಆತು ಬಿಡ್ರಿ, ನೀವ ಗೆದ್ರಿ. ಚಾವಿ ನನಗ ಬ್ಯಾಡ. ನಿಮ್ಮ ಹತ್ರನ ಇರಲಿ."

"ನನಗೇನ ಹೇಳ್ತಿ ನೀ? ಹಿಡಿ!"

ಚಾವಿ ಅವಳ ಅಂಗೈಯಲ್ಲಿ ಝಣ್ ಎಂದಿತು. ಅವಳದನ್ನು ಸೆರಗಿಗೆ ಗಂಟು ಹಾಕಿ ಬಿಗಿದ ಮೇಲೆಯೇ, ಕೈ ತನ್ನ ಪ್ರತಿಜ್ಞೆಗಿಂತ ಮುಂದೆ ಓಡಿದ್ದು ಮುದಕಪ್ಪನಿಗೆ ತಿಳಿದದ್ದು.

ಹನಿ ಬೇಗನೆ ನಿಂತು, ಸಂಜೆಗೆ ಜೋಳ ಒಕ್ಕಿ ಮುಗಿಯಿತು. "ಚಾವಿ ಕೊಡು, ಹೋಗೂಣು," ಎಂದ, ನೆಲ ನೋಡುತ್ತ.

"ಮಾಲಕರ ಜೋಡಿ ಹಂಗ ಮಾತಾಡ್ತಾರೇನ್ರಿ ಡ್ರೈವರ್?"

ಮುದಕಪ್ಪ ಗೋಡೆಯ ಕಡೆ ನೋಡಿದ. ಲಾಮಾಗಳು ಇನ್ನೂ ಅಲ್ಲೇ ಇದ್ದರು.

"ಕೊಡ್ರಿ," ಎಂದ.